ಬಂದೆ ಬುದ್ಧಿ

ಮೈದಾ ಹಿಟ್ಟಿಗೆ ಚಿಟಿಕೆ ಮೈಲುತುತ್ತ ಹಾಕಿ
ಅಂಟು ಕುದಿಸುವುದು ನನ್ನ ಕೆಲಸ, ಪತ್ರಾಗಾರದಲ್ಲಿ,
ದಿನಗೂಲಿಗೆ. ಹುಳ ತಿಂದ ಸರ್ಕಾರವನ್ನು
ತೆಳು ಹಾಳೆಗೆ ಅಂಟಿಸಿ ಒಣಗಿಸುತ್ತೇನೆ.

ಶಾರ್ಲೀನ್ ಮುನ್ನಿಯನ್ ಬಂದದ್ದು ಆಷಾಢದ ಒಂದು ಬುಧವಾರ,
ಡರ್ಬನ್ನಿನಿಂದ, ಅರ್ಧ ಬರೆದ ಕಾದಂಬರಿ ಬಗಲಲ್ಲಿಟ್ಟುಕೊಂಡು.
ಮುತ್ತಜ್ಜಿಯ ತಾಯಿ ಹತ್ತಿದ ಹಡಗಿನ ಪಟ್ಟಿ ತೋರಿಸಿದಳು:
ನಂಬರಿದೆ. ವಯಸ್ಸು ಇಪ್ಪತ್ತೆರಡು.
ಎಡ ಮೊಣಕಾಲ ಮೇಲೆ ಸುಟ್ಟ ಗಾಯ.
ಹೆಸರು 'ಚಿಕಾ ಮೂನಿ'. ಊರು 'ಬೆಂಗಳೂರು ಹತ್ತಿರ'.
ಎಷ್ಟು ಹತ್ತಿರ ಅಂತ ಗುಮಾಸ್ತ ಕೇಳಿಲ್ಲ.

ಚಿಕ್ಕಮುನಿಯಮ್ಮ, ಅಂದೆ.
ಮೂರು ಸಲ ಹೇಳಿಸಿದಳು. ನಾಲ್ಕನೆಯ ಸಲ ತಾನೇ ಹೇಳಿ
ಮೂಗು ಒರೆಸಿಕೊಂಡಳು.

ಕ್ಯಾಂಟೀನಿನಲ್ಲಿ, ಚಿತ್ರಾನ್ನದ ಕಡಲೆಕಾಯಿ ಬೀಜ
ಒಂದೊಂದೇ ಬದಿಗೆ ಸರಿಸುತ್ತ, ಹೇಳಿದಳು:
ನಮ್ಮ ಮನೆಯಲ್ಲಿ ಉಳಿದ ಕನ್ನಡ ಎರಡೇ ಮಾತು.
ಮಗು ಹುಟ್ಟಿದರೆ ಕಿವಿಯಲ್ಲಿ, ಹೆಣ ಎತ್ತುವಾಗ ಬಾಗಿಲಲ್ಲಿ,
ಅಪ್ಪ ಮನೆ ಕಟ್ಟಿಸಿದಾಗ ಹೊಸ್ತಿಲ ಕಲ್ಲಿನಲ್ಲಿ
ಬಂದೆ ಬುದ್ಧಿ.
ಫೋನಿನ ನಿಘಂಟು ನೋಡಿದ್ದೇನೆ, ಬುದ್ಧಿ ಅಂದರೆ ಜ್ಞಾನ.
ಬಂದೆ, ಜ್ಞಾನವೇ, ಬಂದು ಮುಟ್ಟಿದೆ.
ಕಾದಂಬರಿಯ ಕೊನೆಯ ಸಾಲು ಇದೇ. ಸರಿ ತಾನೆ?

ಕೈಯ ತುತ್ತು ಕೈಯಲ್ಲೇ ತಣ್ಣಗಾಯಿತು.

ನಮ್ಮಜ್ಜಿ ಪಿಳ್ಳಮ್ಮ, ದಂಡಿನ ಬಂಗಲೆಯ ಹಿತ್ತಿಲಲ್ಲಿ
ದೊರೆಸಾನಿಯ ಕುದುರೆಗೆ ಹುಲ್ಲು ಹೊತ್ತವಳು,
ಅದಕ್ಕೂ ಮುಂಚೆ ಗೌಡರ ಹೊಲದಲ್ಲಿ ಕಳೆ ಕಿತ್ತವಳು.
ಎರಡೂ ಕಡೆ ಕೂಗಿಗೆ ಒಂದೇ ಉತ್ತರ.
ಮಳೆಯಿರಲಿ, ಬಸುರಿರಲಿ, ಬಾಯಲ್ಲಿ ಮುದ್ದೆಯಿರಲಿ,
ನುಂಗಿ, ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ,
ಬಂದೆ ಬುದ್ಧಿ.
ಕಣ್ಣು ಮಂಜಾದ ಮೇಲೂ, ಆಸ್ಟಿನ್ ಟೌನಿನ ಒಂದೂವರೆ ಕೋಣೆಯಲ್ಲಿ
ಕುಕ್ಕರ್ ಕೂಗಿದರೆ ಎದ್ದು ನಿಲ್ಲುತ್ತಿದ್ದಳು.
ನಾವು ನಗುತ್ತಿದ್ದೆವು. ಅಮ್ಮ ನಗುತ್ತಿರಲಿಲ್ಲ.

ಹೇಳಲೇ ಇವಳಿಗೆ?
ಅದು ಜ್ಞಾನವಲ್ಲ ಕಣೇ, ಧಣಿ.
ನಿನ್ನ ಚಿಕ್ಕಮುನಿಯಮ್ಮ ಕಡಲು ದಾಟಿ
ಕಬ್ಬಿನ ಸಾಲಿನಲ್ಲಿ ನಂಬರು ಕೂಗಿದವನಿಗೆ
ಅವನಿಗೆ ತಿಳಿಯದ ಭಾಷೆಯಲ್ಲಿ ಕೊಟ್ಟ ಹಾಜರಿ.
ಸೊಂಟದ ಕೂಸು ಅದನ್ನು ಜೋಗುಳವೆಂದು ಕಲಿಯಿತು.

ಅಥವಾ ಆಕೆಗೆ ಎಲ್ಲ ಗೊತ್ತಿತ್ತೇನೋ.
ದಿನದ ಕೊನೆಗೆ, ಗುಡಿಸಲಲ್ಲಿ, ಅಳುವ ಕೂಸಿನ ಮುಂದೆ ಬಾಗಿ
ಇನ್ನು ಮೇಲೆ ಧಣಿ ನೀನೇ ಅಂದಿದ್ದಳೇನೋ.
ಅದಕ್ಕೆ ಯಾವ ಕಡತವೂ ಇಲ್ಲ, ಅಂಟು ಹಚ್ಚಲು.

ಬಾಯಿ ತೆರೆದೆ. ಅಷ್ಟರಲ್ಲಿ
ಮೆಟ್ಟಿಲ ಮೇಲಿಂದ ಸೂಪರಿಂಟೆಂಡೆಂಟರ ದನಿ,
ಹೆಸರಲ್ಲ, 'ಏಯ್ ಅಂಟಿನಮ್ಮ'.
ಕುರ್ಚಿ ಹಿಂದಕ್ಕೆ ಬಿದ್ದಿತ್ತು. ನಾನು ನಿಂತಿದ್ದೆ.
ಬಂದೆ ಸಾರ್, ಅಂದಾಗಿತ್ತು ಬಾಯಿ, ನನ್ನನ್ನು ಕೇಳದೆ.

ಶಾರ್ಲೀನಳ ಮುಖ ಅರಳಿತು.
ಬಂದೆ! ಅಂದಳು. ನಮ್ಮ ಮಾತು!
ನಿಮ್ಮ ಮನೆಯಲ್ಲೂ ಉಳಿದಿದೆ.