ದಾರ ಹಿಡಿದವನು

ಕ್ಲೈಪೆಡಾದ ಹಳೆಯ ಹಗ್ಗದ ಗೋದಾಮು ಈಗ ಗ್ಯಾಲರಿ.
ಎಷ್ಟು ಸುಣ್ಣ ಹೊಡೆದರೂ ಗೋಡೆಯ ಡಾಂಬರಿನ ವಾಸನೆ
ಹೋಗಿಲ್ಲ, ನನ್ನಂಥವನ ಮೂಗಿಗೆ ಗೊತ್ತಾಗುತ್ತದೆ.
ಮೂರನೆಯ ಕೋಣೆಯಲ್ಲಿ ಆಳೆತ್ತರದ ಚಿತ್ರ:
ಹೆಪ್ಪುಗಟ್ಟಿದ ಹಿನ್ನೀರಿನ ನಟ್ಟನಡುವೆ
ಕಬ್ಬಿಣದ ಮಂಚ, ಬಿಳಿ ಹಾಸಿಗೆ, ಮಲಗಿದ ಹೆಂಗಸು.
ಅವಳ ಮೇಲೆ, ಎರಡು ಮೊಳ ಎತ್ತರದಲ್ಲಿ,
ತೇಲುವ ಕುರ್ಚಿ.

ವೈನು ಹಿಡಿದವರು ಕತ್ತು ಓರೆ ಮಾಡಿ ನೋಡುತ್ತಾರೆ.
"ಕಾಲವೇ ಕುರ್ಚಿಯಾಗಿದೆ" ಅನ್ನುತ್ತಾನೆ
ವಿಲ್ನಿಯಸ್‌ನಿಂದ ಬಂದ ಗಡ್ಡದವನು.
ಇರಬಹುದು.
ಆ ಕುರ್ಚಿ ನಮ್ಮ ಅಡಿಗೆಮನೆಯದು,
ಅದರ ನಾಲ್ಕನೆಯ ಕಾಲಿಗೆ ಮೊಳೆ ಹೊಡೆದವನು ನಾನು.
ಏಣಿಗೆ ಕಟ್ಟಿದ ಗಳು, ಗಳುವಿನ ಮೇಲೆ ಹಾದುಬಂದ ಗಾಳದ ದಾರ,
ದಾರದ ಈ ತುದಿ ಹಿಡಿದು
ಚೌಕಟ್ಟಿನಿಂದ ಎರಡೇ ಹೆಜ್ಜೆ ಎಡಕ್ಕೆ
ನಿಂತಿದ್ದವನೂ ನಾನೇ.

ಮಂಜೋ, ಮದುವೆ ಹಾಲ್‌ನವರು ಕೊಟ್ಟ ಹೊಗೆಯ ಯಂತ್ರ.
ಮೊದಲ ಸಲ ಹೊಗೆ ಸಮುದ್ರದ ಕಡೆ ಓಡಿತು.
ಎರಡನೆಯ ಸಲ ಯಾರದೋ ನಾಯಿ ಬಂದು ಮಂಚ ಹತ್ತಿತು.
ಆಮೇಲೆ ನಾನು ಎಣಿಸಲಿಲ್ಲ.
"ಮುಖ ಸಡಿಲ ಬಿಡು, ಕನಸು ಕಾಣುವವಳ ಹಾಗೆ!"
ಕ್ಯಾಮೆರಾದ ಹಿಂದಿನಿಂದ ಉಗ್ನೆ ಕೂಗುತ್ತಲೇ ಇದ್ದಳು.
ಝಿವಿಲೆಯ ಹುಬ್ಬು ಗಂಟು ಬಿಚ್ಚಲಿಲ್ಲ, ರೆಪ್ಪೆ ಅದುರು ನಿಲ್ಲಲಿಲ್ಲ.
ನಿದ್ದೆ ನಟಿಸುವುದು ಸುಲಭವೆಂದವರು
ಒಮ್ಮೆ ಮಂಜುಗಡ್ಡೆಯ ಮೇಲೆ ಮಲಗಿ ನೋಡಲಿ.

ಮೀನಿನ ಡಬ್ಬಿಯ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ
ಸೀದಾ ಬಂದಿದ್ದಳು, ನಲವತ್ತು ಯೂರೋ ಮಾತಿಗೆ.
ಹೊದಿಕೆಯಡಿ ಮೂರು ಬಿಸಿನೀರ ಬಾಟಲಿ.
ಜಾರಿದ ಕುರ್ಚಿಯನ್ನು ನಾನು ಮತ್ತೆ ಎತ್ತುವಷ್ಟರಲ್ಲಿ
ಅವಳ ಬಾಯಿ ತುಸು ತೆರೆಯಿತು,
ಕೈ ಮಂಚದಾಚೆ ಜೋತುಬಿತ್ತು,
ಬೆರಳ ಸಂದಿಯಲ್ಲಿ ಹೆರಿಂಗ್ ಮೀನಿನ ಹುರುಪೆಯೊಂದು ಹೊಳೆಯಿತು.
ಉಗ್ನೆ ಕೂಗು ನಿಲ್ಲಿಸಿದಳು.
ಹಿನ್ನೀರು ಹೊಟ್ಟೆಯಾಳದಲ್ಲೆಲ್ಲೋ ಟಪ್ಪೆಂದು ಬಿರಿಯಿತು.
ಅವಳು ಮಿಸುಕಲಿಲ್ಲ.
ಕ್ಲಿಕ್.

ಎಬ್ಬಿಸಲಾ, ಎಂದೆ ಸನ್ನೆಯಲ್ಲಿ.
ಉಗ್ನೆ ತುಟಿಗೆ ಬೆರಳಿಟ್ಟಳು.
ಫಿಲ್ಮು ಮುಗಿದಿತ್ತು, ಬೆಳಕೂ ಮುಗಿಯುತ್ತ ಬಂದಿತ್ತು.
ಕುರ್ಚಿ ಇಳಿಸೋಣವೆಂದರೆ ಅವಳ ಮೇಲೆಯೇ ಇಳಿಯಬೇಕು.
ಮುಕ್ಕಾಲು ಗಂಟೆ ಹಾಗೇ ನಿಂತೆ.
ಮೂವತ್ತು ವರ್ಷ ಲಂಗರು ಎಳೆದ ಕೈಗೆ
ಕುರ್ಚಿಯೊಂದು ಇಷ್ಟು ಭಾರವಾಗಬಹುದೆಂದು ಗೊತ್ತಿರಲಿಲ್ಲ.

ಇವತ್ತು ಚಿತ್ರದ ಪಕ್ಕ ಕೆಂಪು ಚುಕ್ಕೆ ಅಂಟಿಸಿದ್ದಾರೆ, ಮಾರಾಟವಾಗಿದೆ.
ಝಿವಿಲೆ ಬಂದಿಲ್ಲ, ಪಾಳಿ ಇದೆ.
ಗಡ್ಡದವನು ಯಾವುದಕ್ಕೋ ಗಹಗಹಿಸಿ ನಗುತ್ತಾನೆ
ಅವಳ ತಲೆದಿಂಬಿನ ಹತ್ತಿರವೇ.
ಕೋಟಿನ ಜೇಬಿನೊಳಗೆ ನನ್ನ ಕೈ
ತಾನಾಗಿ ಬಿಗಿಯುತ್ತದೆ,
ದಾರ ಇನ್ನೂ ಅಲ್ಲೇ ಇರುವ ಹಾಗೆ.