ಎಡಗಡೆ ಸೀಟಿನವಳು

ಇಪ್ಪತ್ತಮೂರು ವರ್ಷದಿಂದ
ನಾನು ಎಡಗಡೆ ಸೀಟಿನವಳು.
ನನ್ನ ಕಾಲಡಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು,
ಯಾವಾಗ ಬೇಕಾದರೂ ಸ್ಟಿಯರಿಂಗಿಗೆ ಚಾಚುವ ಬಲಗೈ.
ಮಹಾಲಕ್ಷ್ಮೀಪುರದ ಏರುಗಳಲ್ಲಿ
ಹಾಫ್ ಕ್ಲಚ್ಚಿನಲ್ಲಿ ನಡುಗುವ ಎಷ್ಟು ಮೊಣಕಾಲುಗಳಿಗೆ
'ನಿಧಾನಮ್ಮ, ಇನ್ನೂ ನಿಧಾನ' ಅಂದಿದ್ದೇನೆ.
ಕಾರಿನ ನೆತ್ತಿಯ ಮೇಲೆ ಕೆಂಪು ಎಲ್ಲು,
ಹಿಂದಿನವರಿಗೆ ಹಾರ್ನಿನಲ್ಲೇ ಬೈಯಲು
ಅದೊಂದು ಪರವಾನಗಿ.
ಮೂವತ್ತು ದಾಟಿದರೆ ನನ್ನ ಕಾಲು
ನನ್ನನ್ನು ಕೇಳದೆ ಒತ್ತುತ್ತದೆ.

ಟಿಕೆಟ್ಟು ಕೊಟ್ಟದ್ದು ಹಳೆಯ ಶಿಷ್ಯ,
ಹಲ್ಲಿನ ಡಾಕ್ಟರು ಅನಂತಶಯನ,
ಎಂಟು ಹಾಕುವುದರಲ್ಲಿ ಮೂರು ಸಲ ಫೇಲಾದವನು.
ತನಗೇ ಅಂತ ತೆಗೆದುಕೊಂಡದ್ದಂತೆ, ಸೊಂಟ ಹಿಡಿದುಕೊಂಡಿತಂತೆ.
'ಒಂದು ದಿನ ನೀವೂ ಕಲೀರಿ ಮೇಡಂ.'

ನಸುಕಿಗೆ ಎದ್ದು, ಹೊಸಕೋಟೆ ದಾಟಿದ ಮೇಲೆ,
ನೀಲಗಿರಿ ತೋಪಿನ ಹಿಂದೆ
ಕಪ್ಪಗೆ ಸುತ್ತಿಕೊಂಡು ಬಿದ್ದಿತ್ತು ಎರಡೂವರೆ ಕಿಲೋಮೀಟರು.
ಗುಂಡಿಯಿಲ್ಲ. ಹಂಪಿಲ್ಲ. ಹಸುವಿಲ್ಲ.
ರಾಂಗ್ ಸೈಡಿನಲ್ಲಿ ಬರುವ ನೀರಿನ ಟ್ಯಾಂಕರಿಲ್ಲ.
ನಮ್ಮ ಬೆಂಗಳೂರಿಗೂ ಇಂಥ ರಸ್ತೆ ಇದೆ,
ಆದರೆ ಅದು ಎಲ್ಲಿಗೂ ಹೋಗುವುದಿಲ್ಲ.

ಎರವಲು ಹೆಲ್ಮೆಟ್ಟಿನೊಳಗೆ ಯಾರದೋ ಬೆವರು, ಯಾರದೋ ತಲೆಯೆಣ್ಣೆ.
ಜಡೆ ಬಿಚ್ಚಿ ಕಾಲರಿನೊಳಗೆ ತುರುಕಿದೆ.
ನನ್ನ ಜಾಗಕ್ಕೆ ಬಂದು ಕೂತವಳು ನಿಶಾತ್,
ಇಪ್ಪತ್ತಾರಿರಬಹುದು, ಟ್ಯಾನರಿ ರೋಡಿನ ಗ್ಯಾರೇಜಿನಲ್ಲಿ
ಸ್ಪ್ಯಾನರು ಕಚ್ಚಿ ಹಲ್ಲು ಬಂದವಳು.
ಅವಳ ಕಾಲಡಿ ನೋಡಿದೆ. ಬರಿಯ ಮ್ಯಾಟು.
'ಬ್ರೇಕಿಲ್ಲವೇನಮ್ಮ ನಿನಗೆ?'
'ನಿಮ್ಮ ಹತ್ರ ಇದೆಯಲ್ಲ ಆಂಟಿ.'

ನೂರಕ್ಕೆ ಹೋಗಿ ಆ ಕಿತ್ತಳೆ ಕೋನಿನ ಹತ್ತಿರ ತುಳೀರಿ ಅಂದಳು.
ತುಳಿದೆ, ತೊಟ್ಟಿಲು ತೂಗಿದ ಹಾಗೆ.
'ಹಾಗಲ್ಲ. ಒದೀರಿ. ಯಾರ ಮೇಲಾದರೂ ಸಿಟ್ಟಿಲ್ವಾ?'
ಇತ್ತು. ಒದ್ದೆ.
ಪಾದದಡಿ ಮರಳಿನಲ್ಲಿ ಕಡಲೆಕಾಯಿ ಹುರಿದ ಹಾಗೆ ಗಡಗಡ,
ಬೆಲ್ಟು ಎದೆ ಹಿಡಿದು ಕೂರಿಸಿತು.
ಇಷ್ಟು ವರ್ಷ ಬ್ರೇಕು ಕಲಿಸಿದ್ದೇನೆ,
ಬ್ರೇಕು ಮಾತಾಡುತ್ತದೆಂದು ಗೊತ್ತಿರಲಿಲ್ಲ.

ಆಮೇಲೆ ನೀರು ಬಿಟ್ಟ ಬಯಲು.
ಹಿಂದಿನ ಚಕ್ರ ನನ್ನನ್ನು ಬಿಟ್ಟು ತಾನೇ ಹೊರಟಿತು,
ಆಕಾಶ ಎಡದಿಂದ ಬಲಕ್ಕೆ, ಮತ್ತೆ ಬಲದಿಂದ,
ನಿಂತಾಗ ಬಂದ ದಾರಿಗೇ ಮುಖ.
ಮೂರು ಕೋನು ಅಡಿಯಲ್ಲಿ.
'ಗೋಡೆ ನೋಡ್ತಿದ್ದೀರಿ. ನೋಡಿದ ಕಡೆಗೇ ಹೋಗುತ್ತೆ ಗಾಡಿ.
ಹೋಗಬೇಕಾದ ಕಡೆ ನೋಡಿ.'

ಆಟೋ ನೋಡು, ನಾಯಿ ನೋಡು, ಚರಂಡಿ ನೋಡು,
ಆ ಹುಡುಗನ್ನ ನೋಡು, ನೋಡು, ನೋಡು...
ಎಷ್ಟು ಸಾವಿರ ಸಲ ಹೇಳಿದೆನೋ.
ಬರಿಯ ಗೋಡೆಗಳನ್ನೇ ತೋರಿಸಿಕೊಂಡು
ಸಂಬಳ ತಿಂದೆ.

ಮಧ್ಯಾಹ್ನ ಬಿಸಿಬೇಳೆಬಾತು, ಬಿಸಿ ಇರಲಿಲ್ಲ.
ಪಕ್ಕದ ಹುಡುಗರು ತಮ್ಮ ತಮ್ಮ ಸೆಕೆಂಡುಗಳ ಬಗ್ಗೆ ಜಗಳ ಆಡುತ್ತಿದ್ದರು.
ಬೂಂದಿ ನನಗೆ ಕೊಟ್ಟು ನಿಶಾತ್ ಟೈರಿಗೆ ಕೈಯಿಟ್ಟು ನೋಡಿ ಬಂದಳು,
ಮಗುವಿನ ಹಣೆ ಮುಟ್ಟಿದ ಹಾಗೆ.

ಕೊನೆಯ ಸುತ್ತು. ತಿರುವಿನ ಒಳಗಂಚನ್ನು ಸವರಿ,
ಹೊರಗಂಚಿನ ತನಕ ಕಾರನ್ನು ಬಿಟ್ಟುಕೊಟ್ಟೆ.
ಮುಂದೆ ನೇರ ದಾರಿ. ನೂರ ಹತ್ತು. ನೂರ ಇಪ್ಪತ್ತೈದು.
ನೀಲಗಿರಿ ಮರಗಳು ಒಂದೇ ಮರವಾದವು.
ನೂರ ಮೂವತ್ತೆಂಟು.
ಆಗ ಕಣ್ಣಂಚಿನಲ್ಲಿ ಕಂಡೆ:
ನಿಶಾತಳ ಬಲಗಾಲು
ಬರಿಯ ಮ್ಯಾಟನ್ನು ಒತ್ತುತ್ತಿತ್ತು.

ಅಯ್ಯೋ ಮಗಳೇ,
ಆ ಕಾಲು ನನಗೆ ಗೊತ್ತು.

ವಾಪಸು ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ
ಒಂದೂಕಾಲು ಗಂಟೆ ಫಸ್ಟ್ ಗೇರು.

ಸೋಮವಾರ ಆರು ಗಂಟೆಯ ಕ್ಲಾಸು, ಪಂಕಜಾಕ್ಷಿ,
ಬ್ಯಾಂಕಿನಿಂದ ಮೊನ್ನೆ ರಿಟೈರಾದವರು.
ಹಾಲಿನ ವ್ಯಾನಿಗೂ ನಿಂತ ಆಟೋಗೂ ನಡುವೆ ಬೆವೆತರು.
'ಆಟೋ ನೋಡಬೇಡಿ' ಅಂದೆ. 'ಸಂದು ನೋಡಿ.'
ಅವರು ಸಂದು ನೋಡಿದರು.
ನನ್ನ ಕಾಲು ಬ್ರೇಕಿನ ಮೇಲೆಯೇ ಇತ್ತು,
ಒತ್ತಲಿಲ್ಲ.

ಎಡಗಡೆ ಕನ್ನಡಿ ಹೋಯಿತು. ನಾನೂರು ರೂಪಾಯಿ.