ಎಡಗಡೆ, ಕೆಳಗೆ, ಆರನೆಯದು

ಚಳ್ಳಕೆರೆ ದಾಟಿದ ಮೇಲೆ ಒಂದು ಕಡೆ ಬಸ್ಸು ನಿಂತುಬಿಡುತ್ತದೆ.
ರಸ್ತೆ ಇನ್ನೂ ಸ್ವಲ್ಪ ದೂರ ಹೋಗಿ
ಜಾಲಿಯ ನಡುವೆ ಮನಸ್ಸು ಬದಲಿಸುತ್ತದೆ.
ಅಲ್ಲಿಂದ ಲಗೇಜ್ ಆಟೋ:
ತೊಡೆಯ ಮೇಲೆ ಪ್ಲಾಸ್ಟರಿನ ದವಡೆ, ಪಕ್ಕದಲ್ಲಿ ಎರಡು ಆಡು.
ಒಂದು, ದವಡೆಯನ್ನು ಮೂಸಿ ನೋಡಿ
ತನ್ನ ಪೈಕಿ ಅಲ್ಲವೆಂದು ಮುಖ ತಿರುಗಿಸಿತು.

ದಾವಣಗೆರೆಯ ನಮ್ಮ ಕೋಣೆಯ ನಕಾಶೆಯಲ್ಲಿ
ಈ ಹಟ್ಟಿಯ ಸುತ್ತ ಯಾರೋ ನೀಲಿ ಗೆರೆ ಎಳೆದು
'ದ್ವೀಪ' ಎಂದು ಬರೆದಿದ್ದಾರೆ.
ಕಡಲಿಲ್ಲ ಇಲ್ಲಿ.
ಕಡ್ಲೆಕಾಯಿ ಉಂಟು ಬೇಕಾದಷ್ಟು,
ಕಡಿಯಲು ಮಾತ್ರ ಒಂದು ಪಕ್ಕದ ಹಲ್ಲೇ ಗತಿ.

ಶಾಲೆಯ ಜಗಲಿ. ಏಳು ಹೆಂಗಸರು, ಒಂದು ಟಾರ್ಚು.
ಬಾಚಿಹಲ್ಲು, ಕೋರೆ, ದವಡೆ, ಕಡೆಹಲ್ಲು
ಸೀಮೆಸುಣ್ಣದಲ್ಲಿ ಬರೆದು ಮುಗಿಸುವ ಮೊದಲೇ
ಓಬಕ್ಕ ನಕ್ಕಳು: "ಎಲ್ಡಲ್ಲು, ನಾಕಲ್ಲು, ಆರಲ್ಲು ಅಂತ
ಬಾಯಿ ನೋಡೇ ಕುರಿ ಕೊಳ್ಳೋದು ನಾವು.
ಮನುಷ್ಯರ ಬಾಯಿ ನೋಡಿ ಯಾರೂ ಯಾಪಾರ ಮಾಡಿಲ್ಲ ಅಷ್ಟೆ."

"ಮಾಡ್ತಾರಲ್ಲ, ಹೆಣ್ಣು ನೋಡೋಕೆ ಬಂದಾಗ,"
ಅಂದಳು ಜುಂಜಮ್ಮ, ಸೆರಗಿನ ಹಿಂದಿನಿಂದ.
ಆ ಸೆರಗು ಬೆಳಗಿನಿಂದ ಬಾಯಿ ಬಿಟ್ಟು ಇಳಿದಿರಲಿಲ್ಲ.
ಉಜ್ಜಿದರೆ ಹೋಗುತ್ತಾ ಕಂದು, ಎಂದು ಕೇಳಿದಳು.
ಇಲ್ಲ ಎಂದೆ.
ಹಲ್ಲು ಒಸಡಿನೊಳಗೆ ಕಣ್ಣು ಮುಚ್ಚಿಕೊಂಡಿದ್ದಾಗಲೇ
ಬೋರಿನ ನೀರು ಅದರ ಮೇಲೆ ಸಹಿ ಹಾಕಿಯಾಗಿತ್ತು.
ಬಿಳಿ ನಗುವಿನ ಪಟ ಒಂದಿತ್ತು ನನ್ನ ಚೀಲದಲ್ಲಿ.
ತೆಗೆಯಲಿಲ್ಲ.

ಮಧ್ಯಾಹ್ನ, ಸಿಮೆಂಟು.
ಒಂದು ಚಮಚ ಪುಡಿಗೆ ಒಂದು ಹನಿ ದ್ರವ.
ಹೊಳಪು ಆರುವುದರೊಳಗೆ ಹಲ್ಲಿನ ಕುಳಿ ತುಂಬಬೇಕು.
ಕಾಲೇಜಿನ ನನ್ನ ಹುಡುಗರು ತಿಂಗಳುಗಟ್ಟಲೆ ಕೆಡಿಸುವ ಕೆಲಸ.
ಓಬಕ್ಕ ಎರಡನೇ ಸಲಕ್ಕೇ ಹಿಡಿದಳು ಹದ:
"ಗಂಟಾಗಬಾರದು, ಹಸಿ ಉಳೀಬಾರದು. ಮುದ್ದೆ ತಾನೆ?"
ಮುದ್ದೆಯೇ, ಎಂದೆ. ಕಡಲೆಕಾಳಿನಷ್ಟು ಮುದ್ದೆ.

ನೋಡುವುದನ್ನು ಕಲಿಸಲು ನನ್ನ ಬಾಯನ್ನೇ ಕೊಟ್ಟೆ.
ಬಾಗಿಲ ಬೆಳಕಿಗೆ ತಲೆ ಹಿಡಿದು
ಓಬಕ್ಕ ಎಡಗೈಯಲ್ಲಿ ಕನ್ನಡಿ ಇಳಿಸಿದಳು.
ತುಂಬ ಹೊತ್ತು ಮಾತಿಲ್ಲ.
ಆಮೇಲೆ ನನ್ನದೇ ದನಿಯಲ್ಲಿ, ನಾನು ಕಲಿಸಿದ ಹಾಗೆಯೇ:
"ಎಡಗಡೆ, ಕೆಳಗೆ, ಆರನೆಯದು. ಕುಳಿ ಐತೆ."

ಗೊತ್ತಿತ್ತು ನನಗೆ. ಎರಡು ವರ್ಷದಿಂದ
ಬಲಗಡೆಯೇ ಅಗಿಯುತ್ತಿದ್ದೇನೆ,
ಹನ್ನೊಂದು ವರ್ಷದಿಂದ ಊರೂರಿಗೆ ಬುದ್ಧಿ ಹೇಳುತ್ತಿದ್ದೇನೆ.

ಬೈಯಲಿಲ್ಲ ಅವಳು. "ಇನ್ನೂ ದೊಡ್ಡದಾಗಿ ತಗೀರಿ," ಅಂದಳು.
ಕರೆಂಟಿಲ್ಲ, ಮೆಷಿನ್ನಿಲ್ಲ, ಚಮಚದಂಥ ಒಂದು ಕಡ್ಡಿ.
ಕರಕರ ಕೆರೆಯುವ ಸದ್ದು
ತಲೆಬುರುಡೆಯ ಒಳಗಿನಿಂದ ಕೇಳಿಸಿತು,
ಇಲಿಯೊಂದು ಅಟ್ಟದಲ್ಲಿ ಮನೆ ಕಟ್ಟುತ್ತಿದ್ದಂತೆ.
ಕೆರೆದ ಚೂರನ್ನು ಹತ್ತಿಗೆ ಒರೆಸಿ
ಬಿಸಿಲಿಗೆ ಹಿಡಿದು ಪರೀಕ್ಷಿಸಿದಳು.
"ಹುಳ ಇರಲ್ಲ ಅಂತ ಬೆಳಿಗ್ಗೆ ಹೇಳಿದ್ರಿ,
ಆದ್ರೂ ನೋಡಿದೆ. ಇಲ್ಲ."

ತುಂಬಿದಳು. ಹೆಬ್ಬೆರಳಿಗೆ ವ್ಯಾಸಲೀನ್ ಸವರಿ ಒತ್ತಿದಳು.
ಆ ಬೆರಳಲ್ಲಿ ಬೂದಿಯ ವಾಸನೆ, ಸೋಪಿನ ವಾಸನೆ.
ಸುತ್ತ ಆರು ಜನ ಬಗ್ಗಿ ನೋಡುತ್ತಿದ್ದರು.
ಜುಂಜಮ್ಮ ಟಾರ್ಚು ಹಿಡಿದಿದ್ದಳು, ಎರಡೂ ಕೈಯಲ್ಲಿ.
ಸೆರಗು ಹೆಗಲ ಮೇಲಿತ್ತು.

"ಒಂದು ಗಂಟೆ ಏನೂ ತಿನ್ನಂಗಿಲ್ಲ," ಎಂದಳು ಓಬಕ್ಕ
ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆಯುತ್ತ.
ವಯಸ್ಸು ಕೇಳಿದಳು. ಹೇಳಿದೆ.
"ಹಲ್ಲು ನೋಡಿದ್ರೆ ಅಷ್ಟಾಗಿಲ್ಲ," ಅಂದಳು.

ವಾಪಸ್ ಬರುವಾಗ ಆಡುಗಳಿರಲಿಲ್ಲ.
ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗಿ
ಹೊಸ ನೆಲವನ್ನು ತಡವಿ ಬರುತ್ತಿತ್ತು.
ಡ್ರೈವರು ಹುರಿದ ಕಡ್ಲೆಕಾಯಿ ಹಿಡಿಯಷ್ಟು ಕೊಟ್ಟ.
ಗಡಿಯಾರ ನೋಡಿಕೊಂಡೆ.
ಇನ್ನೂ ಹದಿನೇಳು ನಿಮಿಷ.
ಪ್ಲಾಸ್ಟರಿನ ದವಡೆಯ ಪಕ್ಕ, ಚೀಲದೊಳಗೆ
ಒಂದೊಂದಾಗಿ ಹಾಕಿಟ್ಟೆ.